‘ಕೊನೆತನಕ’ ಎಂಬ ನೆಪ

ನಮ್ಮ ಬಚ್ಚಲುಮನೆಯಲ್ಲಿ ನಾಯಿಮರಿಗಳಿವೆ ಎಂದು ಗೊತ್ತಾದ ದಿನವೇ ಎದುರುಮನೆಯವರು ನೋಡಲು ಬಂದರು. ಬಾಗಿಲ ಸಂದಿಯಲ್ಲಿ ಇಣುಕಿ ‘ಅಯ್ಯೋ, ಎಷ್ಟು ಮುದ್ದಾಗಿವೆ’ ಅಂದರು. ‘ನಾಲ್ಕನ್ನೂ ಇಟ್ಕೋತೀರಾ?’ ಎಂದು ಕೇಳಿದರು. ಇಲ್ಲ, ಇವು ಶೆಲ್ಟರಿನವು, ಆರು ವಾರ ಇಲ್ಲಿದ್ದು ಬೇರೆ ಬೇರೆ ಮನೆಗೆ ಹೋಗುತ್ತವೆ ಎಂದೆ. ಅವರ ಮುಖದ ಮೇಲಿದ್ದ ಅಕ್ಕರೆ ಹಾಗೇ ಇಳಿದುಹೋಯಿತು. ‘ಅದು ಹೇಗ್ರೀ ಮನಸ್ಸು ಬರುತ್ತೆ? ನನ್ನ ಕೈಲಂತೂ ಆಗಲ್ಲಪ್ಪ. ಸಾಕಿದ್ರೆ ಕೊನೆತನಕ ಸಾಕಬೇಕು. ಇಲ್ಲ ಅಂದ್ರೆ ಮುಟ್ಟಲೇಬಾರದು.’

ಈ ಮಾತನ್ನು ನಾನು ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ, ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ ಕೇಳಿದ್ದೇನೆ, ಮರಿಯನ್ನು ಲಸಿಕೆಗೆ ಒಯ್ಯುವಾಗ ಆಟೋ ಚಾಲಕರ ಬಾಯಲ್ಲೂ ಕೇಳಿದ್ದೇನೆ. ಹೇಳಿದವರಲ್ಲಿ ಒಬ್ಬರೂ ಕೆಟ್ಟವರಲ್ಲ. ನಾಯಿ ಕಂಡರೆ ಕಲ್ಲೆತ್ತುವವನೊಡನೆ ನನಗೆ ವಾದವಿಲ್ಲ. ಅವನ ಮನೆಗೆ ಯಾವ ಮರಿಯನ್ನೂ ಯಾರೂ ಕಳಿಸುವುದಿಲ್ಲ. ನನ್ನ ತಕರಾರು ಮೃದು ಮನಸ್ಸಿನವರ ಮೇಲೆ. ಮನೆ ಇದೆ, ಸಮಯ ಇದೆ, ಪ್ರಾಣಿಯೆಂದರೆ ಕರಗುವ ಕರುಳೂ ಇದೆ. ಆ ಕರುಳನ್ನೇ ಮುಂದೆ ಮಾಡಿ ಅವರು ಬಾಗಿಲು ಹಾಕಿಕೊಳ್ಳುತ್ತಾರೆ.

‘ಬಿಟ್ಟುಕೊಡಲಾರೆ, ಅದಕ್ಕೇ ಸಾಕಲಾರೆ’ ಎನ್ನುವವರು ಕಾಪಾಡಿಕೊಳ್ಳುವುದು ತಮ್ಮ ಮನಸ್ಸನ್ನೇ ಹೊರತು ಮರಿಯನ್ನಲ್ಲ. ಅದು ತಪ್ಪೆಂದು ನಾನು ಹೇಳುವುದಿಲ್ಲ; ಎಲ್ಲರಿಗೂ ಅವರವರ ಮನಸ್ಸು ದೊಡ್ಡದು. ಆದರೆ ಅದಕ್ಕೆ ಕರುಣೆಯ ಹೆಸರಿಟ್ಟು, ಸಾಕಿ ಬಿಟ್ಟುಕೊಡುವವರನ್ನು ಕಲ್ಲುಮನಸ್ಸಿನವರು ಎಂದು ಸಾಲಿನ ಕೊನೆಗೆ ತಳ್ಳುತ್ತಾರಲ್ಲ, ಅದನ್ನು ಒಪ್ಪಲು ನನ್ನಿಂದಾಗದು.

ಮೊದಲು ಆ ಮರಿ ನಮ್ಮ ಮನೆಗೆ ಬರದಿದ್ದರೆ ಎಲ್ಲಿರುತ್ತಿತ್ತು ಎಂದು ನೋಡೋಣ. ಶೆಲ್ಟರ್ ಎಂದರೆ ಬಹಳ ಜನರ ಕಣ್ಣಿಗೆ ಬರುವುದು ಹುಲ್ಲುಹಾಸಿನ ಮೇಲೆ ಓಡಾಡುವ ನಾಯಿಗಳ ಚಿತ್ರ. ನಿಜದಲ್ಲಿ ಅದು ಆಸ್ಪತ್ರೆಯ ವಾರ್ಡು, ಅನಾಥಾಲಯ, ಬಸ್ ನಿಲ್ದಾಣ ಮೂರೂ ಸೇರಿದ ಜಾಗ. ಗಾಡಿ ತಗುಲಿ ಕಾಲು ಮುರಿದದ್ದು, ಕಜ್ಜಿ ಹಿಡಿದದ್ದು, ಡಿಸ್ಟೆಂಪರ್ ಬಂದದ್ದು, ಮುದಿಯಾಗಿ ಕಣ್ಣು ಹೋದದ್ದು ಎಲ್ಲ ಒಂದೇ ಗೇಟಿನಿಂದ ಒಳಗೆ ಬರುತ್ತವೆ. ಅಲ್ಲಿ ದುಡಿಯುವವರು ಎಷ್ಟೇ ಒಳ್ಳೆಯವರಿರಲಿ, ಲಸಿಕೆ ಪೂರ್ತಿಯಾಗದ ಮರಿಗೆ ಅದಕ್ಕಿಂತ ಅಪಾಯದ ಜಾಗ ಕಡಿಮೆ.

ಕಾರಣ ಪಾರ್ವೊ. ಹುಟ್ಟಿದ ಮರಿಗೆ ತಾಯಿಯ ಹಾಲಿನಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ. ವಾರಗಳು ಕಳೆದಂತೆ ಅದು ಇಳಿಯುತ್ತದೆ, ಆದರೆ ಪೂರ್ತಿ ಇಳಿಯುವ ತನಕ ಲಸಿಕೆ ಸರಿಯಾಗಿ ಹಿಡಿಯಲೂ ಬಿಡುವುದಿಲ್ಲ. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರುಮಾಡಿ ಹದಿನಾರು ವಾರ ತುಂಬುವ ತನಕ ಮತ್ತೆ ಮತ್ತೆ ಚುಚ್ಚುಮದ್ದು. ಆ ರಕ್ಷಣೆ ಇಳಿದು ಈ ರಕ್ಷಣೆ ಏರುವ ನಡುವಿನ ದಿನಗಳಲ್ಲಿ ಮರಿ ಬರಿಮೈಯಲ್ಲಿ ನಿಂತಂತೆ. ಪಾರ್ವೊ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ನಾವು ಮನೆ ಒರೆಸುವ ಫಿನಾಯಿಲಿಗೆ ಬಗ್ಗುವ ಪೈಕಿ ಅಲ್ಲ ಅದು, ಬ್ಲೀಚ್ ಬೇಕು. ಚಪ್ಪಲಿಗೆ ಅಂಟಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ನಿನ್ನೆ ಕುಣಿಯುತ್ತಿದ್ದ ಮರಿ ಇಂದು ವಾಂತಿ, ರಕ್ತಭೇದಿ. ನಾಳೆಯ ಮಾತು ಯಾರೂ ಹೇಳಲಾರರು. ಇಂಥ ಮರಿಗೆ ಬೇರೆ ನಾಯಿ ಕಾಲಿಡದ ಒಂದು ಬಚ್ಚಲುಮನೆ ಸಿಕ್ಕರೆ ಅದೇ ಅದಕ್ಕೆ ದೊಡ್ಡ ಔಷಧಿ.

ನಮ್ಮ ಮನೆಗೆ ಬಂದ ನಾಲ್ಕಕ್ಕೆ ಮೂರೂವರೆ ವಾರ. ತಾಯಿ ಗಾಡಿಗೆ ಸಿಕ್ಕಿ ಸತ್ತಿತ್ತು. ಹಳೆಯ ಕಾಟನ್ ಸೀರೆ ಹರಿದು ಹಾಸಿದೆವು. ಪೆಪ್ಸಿ ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಮಧ್ಯೆ ಇಟ್ಟೆವು. ನಾಲ್ಕೂ ಅದಕ್ಕೆ ಒತ್ತಿಕೊಂಡು ಮಲಗಿದವು. ಹಸುವಿನ ಹಾಲು ಹೊಟ್ಟೆ ಕೆಡಿಸುತ್ತದೆ ಎಂದು ಶೆಲ್ಟರಿನವರು ಮೊದಲೇ ಎಚ್ಚರಿಸಿ ಮರಿಗಳ ಹಾಲಿನ ಪುಡಿ ಕೊಟ್ಟಿದ್ದರು. ಅಡುಗೆಮನೆಯ ತಕ್ಕಡಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ತೂಕ ನೋಡುವುದು, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು. ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲೇ 820, 840, 870. ಎಲ್ಲಕ್ಕಿಂತ ಸಣ್ಣದು ಮೂರನೆಯ ದಿನ ನಲವತ್ತು ಗ್ರಾಂ ಇಳಿಯಿತು. ನಲವತ್ತು ಗ್ರಾಂ ಎಂದರೆ ನಮಗೆ ಒಗ್ಗರಣೆಗೆ ಹಾಕುವ ಎಣ್ಣೆಯಷ್ಟು. ಅದಕ್ಕೆ ಬದುಕಿನ ದೊಡ್ಡ ಪಾಲು. ಅವತ್ತು ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಸಿರಿಂಜಿನಲ್ಲಿ ಹಾಲು ಬಿಟ್ಟೆವು. ನೂರು ಪ್ರಾಣಿಗಳಿರುವ ಶೆಲ್ಟರಿನಲ್ಲಿ ಈ ನಲವತ್ತು ಗ್ರಾಂ ಯಾರ ಕಣ್ಣಿಗೆ ಬೀಳುತ್ತಿತ್ತು?

ಇನ್ನೊಂದು ವಿಷಯ ಕಣ್ಣಿಗೆ ಕಾಣದ್ದು. ಬಂದ ದಿನ ಕುಕ್ಕರ್ ವಿಶಲ್ ಕೂಗಿದಾಗ ನಾಲ್ಕೂ ದಿಕ್ಕಾಪಾಲು. ಮಿಕ್ಸಿ ಹಾಕಿದರೆ ಸ್ಟೂಲಿನ ಕೆಳಗೆ. ಅಮ್ಮ ಮಂಗಳಾರತಿಗೆ ಗಂಟೆ ಬಾರಿಸಿದರೆ ಒಂದು ಅಲ್ಲೇ ಉಚ್ಚೆ. ಎರಡು ವಾರ ಕಳೆಯಿತು. ಕುಕ್ಕರ್ ಮೂರು ವಿಶಲ್ ಹಾಕಿದರೂ ತಲೆ ಎತ್ತುತ್ತಿರಲಿಲ್ಲ. ನಾಲ್ಕನೆಯದಕ್ಕೆ ಅನ್ನ ಬರುತ್ತದೆ ಎಂಬ ಲೆಕ್ಕ ಸಿಕ್ಕಿತ್ತು. ಇದು ಬರೀ ಮುದ್ದಿನ ಕಥೆಯಲ್ಲ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರಿನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೇ ಹೇಳಿದರು: ಮೂರರಿಂದ ಸುಮಾರು ಹನ್ನೆರಡು ವಾರದ ಒಳಗೆ ಮರಿ ಯಾರೊಡನೆ ಒಡನಾಡುತ್ತದೋ ಅವರನ್ನು ತನ್ನವರೆಂದು ಒಪ್ಪಿಕೊಳ್ಳುತ್ತದೆ. ಆ ಬಾಗಿಲು ಮುಚ್ಚಿದ ಮೇಲೆ ತೆರೆಸುವುದು ಕಷ್ಟ. ಆ ವಾರಗಳನ್ನು ಪಂಜರದಲ್ಲಿ ಕಳೆದ ಮರಿ ಮುಂದೆ ಪೊರಕೆ ಕಂಡರೆ ಹೆದರುತ್ತದೆ, ಹೆದರಿದ್ದು ಕಚ್ಚುತ್ತದೆ, ಕಚ್ಚಿದ್ದು ಶೆಲ್ಟರಿಗೆ ವಾಪಸ್. ಎದುರುಮನೆಯವರ ‘ಕೊನೆತನಕ’ ಶುರುವಾಗಬೇಕಾದರೆ, ಅದಕ್ಕೆ ಮುಂಚೆ ಯಾರೋ ಒಬ್ಬರು ಆರು ವಾರ ಕುಕ್ಕರ್ ಕೂಗಿಸಿರಬೇಕು.

ಇಷ್ಟಕ್ಕೆ ಎದುರು ಪಕ್ಷ ಸುಮ್ಮನಾಗುವುದಿಲ್ಲ. ‘ಅದು ನಿಮ್ಮನ್ನೇ ತಾಯಿ ಅಂದ್ಕೊಂಡಿರುತ್ತೆ. ಕೊಟ್ಟುಬಿಟ್ರೆ ಅದರ ಹೃದಯ ಒಡೆಯಲ್ವಾ?’ ಎನ್ನುತ್ತಾರೆ. ಇದು ಅವರ ಅತಿ ಬಲವಾದ ಮಾತು, ಹಾಗಾಗಿ ನಿಧಾನವಾಗಿ ನೋಡಬೇಕು. ಹಂಗೆರಿಯ ಸಂಶೋಧಕರು ಇದನ್ನು 2001ರಲ್ಲಿ ಪರೀಕ್ಷಿಸಿದ್ದಾರೆ. ಶೆಲ್ಟರಿನಲ್ಲಿದ್ದ ದೊಡ್ಡ ನಾಯಿಗಳ ಜೊತೆ ಒಬ್ಬ ವ್ಯಕ್ತಿ ಹತ್ತು ಹತ್ತು ನಿಮಿಷದಂತೆ ಮೂರೇ ಬಾರಿ ಕಾಲ ಕಳೆದರು. ಅಷ್ಟಕ್ಕೇ ಆ ನಾಯಿಗಳು ಅವರ ಕಡೆ ನಂಟಿನ ಲಕ್ಷಣ ತೋರಿಸಿದವು. ಹಳೆಯ ಒಡೆಯನನ್ನು ಕಳೆದುಕೊಂಡ ನಾಯಿಗೂ ಹೊಸ ನಂಟು ಕಟ್ಟಿಕೊಳ್ಳುವ ಶಕ್ತಿ ಬತ್ತುವುದಿಲ್ಲ ಎಂದಾಯಿತು. ಅಮೆರಿಕದ ಐದು ಶೆಲ್ಟರುಗಳ 207 ನಾಯಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ನಾಯಿಗಳನ್ನು ಒಂದೆರಡು ರಾತ್ರಿ ಮನೆಗೆ ಕಳಿಸಿ ವಾಪಸ್ ಕರೆತಂದರು. ಮೂತ್ರದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ಮನೆಯಲ್ಲಿದ್ದಾಗ ಅದು ಇಳಿಯಿತು, ಎಡೆಬಿಡದ ನಿದ್ದೆಯೂ ಅಲ್ಲೇ ಹೆಚ್ಚು ಸಿಕ್ಕಿತು. ಶೆಲ್ಟರಿಗೆ ಮರಳಿದ ಮೇಲೆ ಕಾರ್ಟಿಸಾಲ್ ಮೊದಲಿದ್ದ ಮಟ್ಟಕ್ಕೆ ಬಂತು. ಮೊದಲಿಗಿಂತ ಮೇಲೆ ಹೋಗಲಿಲ್ಲ. ಒಂದು ರಾತ್ರಿಯ ನೆಮ್ಮದಿ ಕೊಟ್ಟು ಕಿತ್ತುಕೊಂಡರೆ ಕೊಡದೆ ಇರುವುದಕ್ಕಿಂತ ಕ್ರೂರ ಎಂಬ ಊಹೆ ಅಳತೆಯಲ್ಲಿ ನಿಲ್ಲಲಿಲ್ಲ. ಮನೆಯಿಂದ ಶೆಲ್ಟರಿಗೆ ಮರಳಿದ ನಾಯಿಗಳ ಮಾತೇ ಇಷ್ಟಾದರೆ, ನಮ್ಮ ಮರಿಗಳು ಹೋದದ್ದು ಒಂದು ಮನೆಯಿಂದ ಇನ್ನೊಂದು ಮನೆಗೆ.

ಕೊಟ್ಟ ದಿನದ ಸಂಗತಿಯನ್ನೂ ಹೇಳಿಬಿಡುತ್ತೇನೆ. ನಲವತ್ತು ಗ್ರಾಂ ಇಳಿದಿದ್ದ ಆ ಸಣ್ಣದಕ್ಕೆ ನಾವು ರಾಗಿ ಎಂದು ಹೆಸರಿಟ್ಟಿದ್ದೆವು. ಕರೆದೊಯ್ಯಲು ಬಂದ ಮನೆಯಲ್ಲಿ ಒಂಬತ್ತು ವರ್ಷದ ಹುಡುಗ ಇದ್ದ. ಅವನ ಶೂಲೇಸು ಬಿಚ್ಚಿಕೊಂಡಿತ್ತು. ರಾಗಿ ಅದನ್ನು ಕಚ್ಚಿ ಎಳೆಯುತ್ತ ಅವನ ಹಿಂದೆಯೇ ಗೇಟು ದಾಟಿತು, ಕಾರು ಹತ್ತಿತು. ಒಂದು ಸಲವೂ ತಿರುಗಿ ನೋಡಲಿಲ್ಲ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ‘ನೋಡೇ, ಕೃತಘ್ನ ಮುಂಡೇದು’ ಎಂದಳು. ನಾನೂ ಅತ್ತೆ. ಅತ್ತವರು ನಾವಿಬ್ಬರೇ. ಆ ಅಳುವಿಗೆ ಹೆದರಿ ರಾಗಿಯನ್ನು ಮೊದಲ ದಿನವೇ ಬೇಡ ಎಂದಿದ್ದರೆ ಆ ಹುಡುಗನ ಶೂಲೇಸಿಗೆ ರಾಗಿಯೇ ಇರುತ್ತಿರಲಿಲ್ಲ.

ಅರ್ಧ ಸಾಕುವುದು ನಮ್ಮ ಸಂಸ್ಕೃತಿಯಲ್ಲ ಎನ್ನುವವರಿಗೆ ಒಂದು ಮಾತು. ಇದಕ್ಕಿಂತ ನಮ್ಮದಾದ ಪದ್ಧತಿ ಇನ್ನಾವುದಿದೆ? ಮೈಸೂರು, ಧಾರವಾಡಗಳಲ್ಲಿ ಓದಿದ ಹಿಂದಿನ ತಲೆಮಾರಿನ ಎಷ್ಟೋ ಬಡ ಹುಡುಗರು ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಬಡಿಸಿದ ಯಾವ ತಾಯಿಯೂ ‘ಕೊನೆತನಕ ಸಾಕಲಾರೆ, ಆದ್ದರಿಂದ ಸೋಮವಾರದ ಅನ್ನವನ್ನೂ ಹಾಕಲಾರೆ’ ಎನ್ನಲಿಲ್ಲ. ವಾರಕ್ಕೊಂದು ಊಟ ಎಂಬ ಸಣ್ಣ ಹೊಣೆಯನ್ನು ಏಳು ಮನೆ ಹಂಚಿಕೊಂಡದ್ದರಿಂದ ಒಬ್ಬ ಹುಡುಗ ಮೇಷ್ಟರಾದ, ಗುಮಾಸ್ತನಾದ. ಮಠಗಳ ಹಾಸ್ಟೆಲುಗಳು ಸಾವಿರ ಸಾವಿರ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟು ಪರೀಕ್ಷೆ ಮುಗಿದ ಮೇಲೆ ಕಳಿಸಿಕೊಟ್ಟವು. ಅವನ್ನು ಅರ್ಧಂಬರ್ಧ ದಯೆ ಎಂದು ಯಾರೂ ಕರೆಯಲಿಲ್ಲ. ಇನ್ನು ಸಾಕುತಾಯಿ ಎಂದ ಕೂಡಲೇ ನಾವು ಹೇಳುವ ಹೆಸರು ಯಶೋದೆ. ಅಕ್ರೂರ ರಥ ತಂದ ದಿನ ಅವಳು ಕಳಿಸಿಕೊಟ್ಟಳು. ಕಳಿಸಬೇಕಾಗುತ್ತದೆಂದು ಮೊದಲೇ ತೊಟ್ಟಿಲು ತೂಗದಿದ್ದರೆ ಹರಿಕಥೆಯವರಿಗೆ ಕಥೆ ಇರುತ್ತಿರಲಿಲ್ಲ.

ಈಗ ‘ಕೊನೆತನಕ’ದ ಲೆಕ್ಕ ತೆಗೆಯೋಣ. ನಾಯಿಯ ಆಯಸ್ಸು ಹನ್ನೆರಡು ವರ್ಷ ಎಂದಿಟ್ಟುಕೊಳ್ಳಿ. ಕೊನೆತನಕ ಸಾಕುವ ಮನೆ ಆ ಹನ್ನೆರಡು ವರ್ಷದಲ್ಲಿ ಒಂದು ನಾಯಿಗೆ ಆಸರೆ. ಅದು ದೊಡ್ಡದೇ. ಅದೇ ಮನೆ ವರ್ಷಕ್ಕೆ ಮೂರು ಸಲ, ಸಲಕ್ಕೆ ಎರಡೇ ಮರಿಯಂತೆ ಆರು ಆರು ವಾರ ಇಟ್ಟುಕೊಂಡರೆ ಎಪ್ಪತ್ತೆರಡು ಮರಿ. ಮಧ್ಯೆ ಊರಿಗೆ, ಮದುವೆಗೆ, ಪ್ರವಾಸಕ್ಕೆ ಬಿಡುವೂ ಇರುತ್ತದೆ. ಕೊನೆತನಕ ಸಾಕುವವರು ಬೇಕೇ ಬೇಕು. ರಾಗಿಗೆ ಆ ಹುಡುಗನ ಮನೆ ಸಿಗದಿದ್ದರೆ ನನ್ನ ಆರು ವಾರಕ್ಕೆ ಅರ್ಥವಿಲ್ಲ. ನಾನು ಹೇಳುತ್ತಿರುವುದು ಹನ್ನೆರಡು ವರ್ಷದ ಹೊಣೆ ಹೊರಲಾಗದವರಿಗೆ. ಬಾಡಿಗೆ ಮನೆಯವರು, ವರ್ಗಾವಣೆಯ ನೌಕರಿಯವರು, ಅರವತ್ತೈದು ದಾಟಿದ ನಿವೃತ್ತರು, ಕಾಲೇಜಿನ ಹುಡುಗರು. ‘ಕೊನೆತನಕ ಇಲ್ಲವೇ ಏನೂ ಇಲ್ಲ’ ಎಂಬ ಕಟ್ಟಳೆ ಇವರೆಲ್ಲರನ್ನೂ ಹೊರಗಿಟ್ಟಿದೆ. ಆರು ವಾರ ಹೊರಬಲ್ಲ ಭುಜಗಳು ಇವೇ.

ಆ ಕಟ್ಟಳೆ ಇನ್ನೊಂದು ಹಾನಿಯನ್ನೂ ಮಾಡಿದೆ. ಕೊನೆತನಕ ಎಂದು ಸಭೆಯಲ್ಲಿ ಹೇಳಿ, ಅಂಗಡಿಯಲ್ಲಿ ದುಡ್ಡು ಕೊಟ್ಟು ಜಾತಿ ನಾಯಿ ತಂದವರ ಕಥೆಯನ್ನು ಯಾವ ಶೆಲ್ಟರಿನವರನ್ನಾದರೂ ಕೇಳಿ. ಬೆಳಿಗ್ಗೆ ಗೇಟು ತೆರೆದರೆ ಕಂಬಕ್ಕೆ ಕಟ್ಟಿದ ಲ್ಯಾಬ್ರಡಾರ್. ಮಗು ಹುಟ್ಟಿತು, ಮನೆ ಬದಲಾಯಿತು, ಕೂದಲು ಉದುರುತ್ತದೆ, ವಿದೇಶದಲ್ಲಿ ಕೆಲಸ ಸಿಕ್ಕಿತು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಈಡಾಗುವಂತೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲದ ಮೊತ್ತ. ಕೊನೆತನಕ ಎಂಬ ದೊಡ್ಡ ಮಾತಿಗೆ ಕಾನೂನು ಕಟ್ಟಿದ ಬೆಲೆ ಇಷ್ಟು. ಇಂಥವರು ಮೊದಲು ಎರಡು ವಾರ ಶೆಲ್ಟರಿನ ನಾಯಿಯೊಂದನ್ನು ಇಟ್ಟುಕೊಂಡು ನೋಡಿದ್ದರೆ ಕೂದಲು ಉದುರುತ್ತದೆ ಎಂಬ ಜ್ಞಾನ ಎರಡನೆಯ ದಿನವೇ ಬರುತ್ತಿತ್ತು. ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ.

ಪ್ರಾಣಿಪ್ರಿಯರ ಬಳಗಕ್ಕೂ ನನ್ನದೊಂದು ಆಕ್ಷೇಪ ಇದೆ. ಫಾಸ್ಟರಿಗೆಂದು, ಅಂದರೆ ಹೀಗೆ ಕೆಲವು ವಾರ ಸಾಕಿ ಕೊಡಲೆಂದು, ತಂದ ಮರಿಯನ್ನು ಬಿಟ್ಟುಕೊಡಲಾರದೆ ಇಟ್ಟುಕೊಂಡರೆ ಅದಕ್ಕೆ ‘ಫಾಸ್ಟರ್ ಫೇಲ್’ ಎನ್ನುತ್ತಾರೆ. ಹೆಸರಷ್ಟೇ ಫೇಲು, ಅಭಿನಂದನೆ ಮಾತ್ರ ರ‍್ಯಾಂಕ್ ಬಂದವರಿಗೆ ಸಿಗುವಷ್ಟು. ಒಂದು ಸಲ ಆದರೆ ಸರಿ. ಎರಡು, ಮೂರು ಆಗುವಷ್ಟರಲ್ಲಿ ಮನೆ ತುಂಬುತ್ತದೆ, ಮುಂದಿನ ಫೋನಿಗೆ ‘ಜಾಗ ಇಲ್ಲ’ ಎಂಬ ಉತ್ತರ ಬರುತ್ತದೆ. ಆ ಫೋನು ಯಾವ ಮರಿಗಾಗಿ ಬಂದಿತ್ತೋ ಅದರ ಫೋಟೋ ಯಾರೂ ಹಾಕುವುದಿಲ್ಲ.

ನನ್ನ ಪಕ್ಷದಲ್ಲೂ ಹುಳುಕಿದೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ಸಂಸ್ಥೆ ನನಗೆ ಎರಡು ವಾರ ಎಂದು ಕೊಟ್ಟ ಬೆಕ್ಕು ಐದು ತಿಂಗಳು ಮನೆಯಲ್ಲಿತ್ತು. ಮೊದಲ ತಿಂಗಳ ನಂತರ ಅವರು ಫೋನ್ ಎತ್ತಲಿಲ್ಲ, ಔಷಧಿಯ ಖರ್ಚೂ ನನ್ನ ಮೇಲೇ ಬಿತ್ತು. ಕೊನೆಗೆ ನಾನೇ ಮನೆ ಹುಡುಕಿದೆ. ಇಂಥ ಅನುಭವ ಆದವರು ಮತ್ತೆ ಬಾಗಿಲು ತೆರೆಯದಿದ್ದರೆ ಅವರನ್ನು ನಾನು ದೂರಲಾರೆ. ಫಾಸ್ಟರ್ ಎಂದರೆ ಶೆಲ್ಟರಿನ ಹೊರೆ ಇಳಿಸುವ ಜಾಗ ಅಲ್ಲ. ಎಷ್ಟು ದಿನ, ಔಷಧಿಯ ದುಡ್ಡು ಯಾರದು, ರಾತ್ರಿ ಕಾಯಿಲೆಯಾದರೆ ಯಾವ ಡಾಕ್ಟರು, ಆಗದಿದ್ದರೆ ಯಾವಾಗ ವಾಪಸ್ ಪಡೆಯುತ್ತಾರೆ, ಇಷ್ಟು ಮೊದಲೇ ಬರೆದು ಕೊಡದ ಸಂಸ್ಥೆಯಿಂದ ಮರಿ ತರಬೇಡಿ. ರೇಬೀಸ್ ಬಗ್ಗೆ ಉದಾಸೀನ ಕೂಡದು. ಮರಿಗೂ ರೇಬೀಸ್ ಇರಬಹುದು. ಹಲ್ಲು ತಾಗಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಪದೇಪದೇ ಸಾಕುವವರು ಮುಂಚಿತವಾಗಿ ಲಸಿಕೆ ಹಾಕಿಸಿಕೊಂಡಿರುವುದು ಒಳ್ಳೆಯದು. ಮನೆಯಲ್ಲಿ ಲಸಿಕೆ ಆಗದ ನಾಯಿ ಇದ್ದರೆ ಹೊರಗಿನ ಮರಿ ತರಲೇಬಾರದು.

ಫಾಸ್ಟರಿನಿಂದ ಬೀದಿನಾಯಿಯ ಸಮಸ್ಯೆ ಬಗೆಹರಿಯುತ್ತದೆ ಎಂದೂ ನಾನು ಹೇಳುವುದಿಲ್ಲ. ಬಿಬಿಎಂಪಿ 2023ರಲ್ಲಿ ಎಣಿಸಿದಾಗ ಬೆಂಗಳೂರಿನ ಬೀದಿಗಳಲ್ಲಿ ಸುಮಾರು 2.79 ಲಕ್ಷ ನಾಯಿಗಳಿದ್ದವು, 2019ರಲ್ಲಿ 3.10 ಲಕ್ಷ. ಆ ಸಂಖ್ಯೆಯನ್ನು ಇಳಿಸುವ ಕೆಲಸ ಸಂತಾನಹರಣ ಶಸ್ತ್ರಚಿಕಿತ್ಸೆಯದು, ಬಚ್ಚಲುಮನೆಗಳದ್ದಲ್ಲ. ಆದರೆ 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ಹಿಡಿದು, ಮತ್ತೆ ಅಲ್ಲಿಗೇ ಬಿಡದೆ ಶೆಲ್ಟರುಗಳಿಗೆ ಸಾಗಿಸಬೇಕೆಂದು ಆದೇಶಿಸಿತು. ಆದೇಶ ಸರಿಯೋ ತಪ್ಪೋ ಬೇರೆ ಚರ್ಚೆ. ಶೆಲ್ಟರಿನ ಗೋಡೆ ಮಾತ್ರ ಆದೇಶದ ಜೊತೆ ಹಿಗ್ಗುವುದಿಲ್ಲ. ಒಳಗೆ ದೊಡ್ಡ ನಾಯಿಗಳು ತುಂಬಿದಷ್ಟೂ ಮರಿಗಳಿಗೆ, ಕಾಯಿಲೆಯಿಂದ ಎದ್ದವಕ್ಕೆ, ಬಾಣಂತಿ ನಾಯಿಗೆ ಪ್ರತ್ಯೇಕ ಮೂಲೆ ಸಿಗುವುದು ಕಷ್ಟ. ಆ ಮೂಲೆ ನಮ್ಮ ಮನೆಗಳಲ್ಲಿದೆ. ಬಾಲ್ಕನಿ ಎಂದು, ಸ್ಟೋರ್ ರೂಮ್ ಎಂದು, ಅತಿಥಿ ಬಂದರೆ ಇರಲಿ ಎಂದು ಬೀಗ ಹಾಕಿಟ್ಟ ಕೋಣೆ ಎಂದು.

ಆದ್ದರಿಂದ ಈ ಲೇಖನ ಓದಿದವರಲ್ಲಿ ನನ್ನದೊಂದು ಬೇಡಿಕೆ. ಇನ್ನು ಮುಂದೆ ಯಾರಾದರೂ ‘ಎರಡು ವಾರ ಒಂದು ಮರಿ ಇಟ್ಕೋತೀರಾ?’ ಎಂದು ಕೇಳಿದಾಗ ನಿಜವಾದ ಕಾರಣ ಹೇಳಿ. ಮನೆ ಓನರ್ ಬಿಡುವುದಿಲ್ಲ, ಅತ್ತೆಗೆ ದಮ್ಮು, ನಿದ್ದೆಗೆಡಲು ಆಗುವುದಿಲ್ಲ, ನಾಯಿ ಕಂಡರೆ ಭಯ. ಎಲ್ಲವೂ ಒಪ್ಪತಕ್ಕ ಕಾರಣಗಳೇ. ‘ಬಿಟ್ಟುಕೊಡೋಕೆ ಮನಸ್ಸು ಬರಲ್ಲ’ ಎಂದು ಮಾತ್ರ ಹೇಳಬೇಡಿ. ಮನಸ್ಸು ಯಾರಿಗೂ ಬರುವುದಿಲ್ಲ. ನನಗೂ ಬರಲಿಲ್ಲ, ನಾಲ್ಕು ಸಲ ಬರಲಿಲ್ಲ, ನಾಲ್ಕು ಸಲವೂ ಕೊಟ್ಟೆ. ಮತ್ತೆ ಯಾವ ಕಾರಣವೂ ಇಲ್ಲದಿದ್ದರೆ ನಿಮ್ಮ ಊರಿನ ಶೆಲ್ಟರಿಗೆ ಫೋನ್ ಮಾಡಿ, ಮೊದಲ ಸಲಕ್ಕೆ ಹತ್ತು ದಿನ ಸಾಕು ಎನ್ನಿ. ಹಳೆಯ ಸೀರೆ, ನೀರಿನ ಬಾಟಲಿ, ಒಂದು ಬಚ್ಚಲುಮನೆ ಇದ್ದೇ ಇರುತ್ತದೆ.

ನಮ್ಮ ಬಚ್ಚಲುಮನೆಯನ್ನು ನಿನ್ನೆ ಬ್ಲೀಚ್ ಹಾಕಿ ತೊಳೆದಿದ್ದೇವೆ. ಶನಿವಾರ ಮೂರು ಮರಿ ಬರುತ್ತಿವೆ.